ಇಪ್ಪತ್ತನೇ ತಾರೀಖು

ತೊಗರಿ ಇಬ್ಭಾಗ ಆಗೋ ಸದ್ದಿಗಿ
ಮುಂಜಾನಿಂದ ಗೋಡಿ ನಡಗ್ತದ.
ನಾ ರಿಟರ್ನು ತುಂಬ್ಲಕತ್ತೀನಿ, ಇವತ್ತ ಕಡಿ ದಿನ.
ಸೀಲು ಹಾಕಿದ ಸಣ್ಣ ಚೀಲಕ್ಕ ನೂರಕ್ಕ ಐದು,
ಸಡ್ಲ ತೂಗಿ ಕೊಟ್ರ ಏನಿಲ್ಲ.
ಒಂದ ಹೊಲದ ತೊಗರಿ, ಒಂದ ಗಿರಣಿ,
ಬಾಯಿ ಹೊಲಿದ ದಾರ ಮಾತ್ರ
ಸರ್ಕಾರದ ಕಣ್ಣಿಗಿ ಕಾಣ್ತದ.

ಅಂಬಲಗಿ ಸಾಹೇಬ್ರು ಪೇಪರು ಮಡಚಿ
ಟೇಬಲ್ ಬಡೀತಾರ:
"ಹೋಗೋದು ರೂಪಾಯಿ, ಬರೋದು ಚಿಲ್ಲರ!"
ಹದಿಮೂರು ಪೈಸಾ ಅಂತದ ಪೇಪರು,
ಹದಿನೈದು ಅಂತದ ಟಿವಿ.
ಚಿಲ್ಲರದಾಗೂ ಚೌಕಾಸಿ.

ಬಾಗಲದಾಗ ರಾಜಕಿಶೋರ ಋಷಿದೇವ,
ಕಟಿಹಾರದ ಹಮಾಲ.
ಹುಬ್ಬಿನ ಮ್ಯಾಲ ಬ್ಯಾಳಿ ಧೂಳು,
ಅರಿಶಿಣ ಹಚ್ಚಿದ ಮದಿಮಗನ ಹಾಂಗ.
"ನಮ್ಮ ರೊಕ್ಕೆಲ್ಲ ಇಂಥೋರ ಊರಿಗಿ ಹೋಗ್ತದ"
ಅಂದ್ರು ಸಾಹೇಬ್ರು, ಅವನ ಕಡಿ ನೋಡದ.
ಅವರು ಎದ್ದು ಹೋದ ಮ್ಯಾಲ ಅವ ಮೆಲ್ಲಗ ಕೇಳಿದ:
"ಎಷ್ಟು ಹೋಗ್ತದ ಮೇಡಂ?
ನಮ್ಮನಿಗಿ ಇನ್ನಾ ಮುಟ್ಟಿಲ್ಲ."

ಹಾದಿ ಉದ್ದ ಅದ, ತಮ್ಮಾ.
ಇಲ್ಲಿಂದ ದಿಲ್ಲಿಗಿ. ಅಲ್ಲಿ ಒಂದು ಜರಡಿ,
ಮಂದಿ ಎಷ್ಟು, ನೆಲ ಎಷ್ಟು, ಅಡವಿ ಎಷ್ಟು,
ಉಳ್ಳವರ ಅಂಗಳದಿಂದ
ಎಷ್ಟು ದೂರ ನಿಂತೀರಿ, ಟೇಪು ಹಿಡದು ಅಳೀತಾರ.
ದೂರ ನಿಂತವರಿಗಿ ಹೆಚ್ಚು.
ನ್ಯಾಯಾನ ಅದು. ಹಸದವಗ ಮೊದಲ ಗಂಗಾಳ.

ಖರೆ, ಆ ಟೇಪು ನಮ್ಮೂರ ಮಟ ಬರಾಂಗಿಲ್ಲ.
ಬೆಂಗಳೂರಿನ ತಲಿ, ಯಾದಗಿರಿ ತಲಿ
ಒಂದ ಗೋಣಿಯೊಳಗ ಕುಲುಕಿ ಭಾಗಿಸ್ತಾರ.
ಬಂದ ಉತ್ತರದಾಗ ನಾ ಸಾವ್ಕಾರ್ತಿ.
ಅವ್ವಗ ಹೇಳಬೇಕು.
ಹ್ವಾದ ವಾರ ಊರ ದವಾಖಾನಿಯಾಗ
ಎಕ್ಸರೇ ತೆಗೆಯಾಂವ ಇಲ್ಲಂತ
ಮುರದ ಕೈ ಸೆರಗಿನಾಗ ಕಟಗೊಂಡು
ಟಂಟಂನಾಗ ತಿರುಗಿ ಬಂದಳು
ಸಾವ್ಕಾರ್ತಿ ತಾಯಿ.

ಗಿರಣಿ ಮುಂದಿನ ಸಿಮೆಂಟ್ ರಸ್ತಾ
ಹಿಂದುಳಿದವರು ಅಂತ ನಮಗ ಕೊಟ್ಟ ರೊಕ್ಕದ್ದು.
ಬೋರ್ಡು ಅದ, ಅಕ್ಷರ ಅರ್ಧ ಉದರ್ಯಾವ.
ಬೆಂಗಳೂರಾಗ ಯಾರೋ ಒಬ್ಬರು
ಪೇಪರು ಮಡಚಿ ಬಡೀತಿರಬೇಕು:
"ನಮ್ಮ ರೊಕ್ಕೆಲ್ಲ ಆ ಕಡಿಯವರಿಗಿ."
ಅವರೂ ನನ್ನ ಕಡಿ ನೋಡಿರಲಿಕ್ಕಿಲ್ಲ.

ಪೋರ್ಟಲ್ ನಿಂತದ. ಗೋಲ ತಿರಗ್ತದ, ತಿರಗ್ತದ.
ರಾಜಕಿಶೋರನ ಫೋನು ಬಡಕೋತು.
ಸ್ಪೀಕರಿನಾಗ ಹೆಂಡತಿ ದನಿ, ಹಿಂದ ಒಂದು ಕೂಸಿಂದು.
ಆ ಭಾಷಾ ನನಗ ಬರಾಂಗಿಲ್ಲ,
ಲೆಕ್ಕ ಬರ್ತದ:
ನಾಕು ಸಾವಿರ ಕಳಿಸಿದ್ದ,
ಎಂಬತ್ತು ಕಡಿಮಿ ಮುಟ್ಯಾದ.

"ದುಕಾನದಾಂವ ಮುರಕೊಂಡ" ಅಂದ, ಆಕಿಗಿ,
ಆಮ್ಯಾಲ ನನಗೂ.
ಕಿಸೆದಾಗಿನ ಚೀಟಿ ತೆಗೆದು ಟೇಬಲ್ ಮ್ಯಾಲ ಇಟ್ಟ,
ಬೆವರಿಗಿ ಶಾಯಿ ಹರದಾದ.
"ಇದು ನಿಮ್ಮ ಕಂಪ್ಯೂಟರಿನಾಗ
ಎಲ್ಲಿ ಬರೀತೀರಿ?"

ನಾ ಕೆಳಗಿನ ತನಕ ನೋಡಿದೆ,
ಒಂದೊಂದ ಮನಿ, ಒಂದೊಂದ ಕಾಲಂ.
ಆ ಕಡಿ ಕೂಸು ಅಳೂದು ನಿಲ್ಲಿಸಿತ್ತು,
ಆಕಿ ಇನ್ನಾ ಫೋನ್ ಇಟ್ಟಿರಲಿಲ್ಲ.