ಅರವತ್ತೊಂದು ದಿನದ ಬಟಾಟೆ

ಜೂನ್ ಒಂದಕ್ಕೆ ಬೋಟು ಬೈತಖೋಲದಲ್ಲಿ ಕಟ್ಟಿ ಬಂದೆ.
ಎರಡನೇ ವಾರ ಸ್ನೇಹಲಳಿಗೆ ಶಾಲೆಯಲ್ಲಿ ಹೇಳಿದರಂತೆ:
ಒಂದು ಬಟಾಟೆ, ಒಂದು ಗ್ಲಾಸು ನೀರು, ಮೂರು ಕಡ್ಡಿ.
ಬೇರು ಬಂದ ಮೇಲೆ ಚಿತ್ರ ಬರೆಯಬೇಕು.

ಅಕ್ಕಿ ಡಬ್ಬಿಯ ಹಿಂದೆ ಉರುಳಿ ಹೋಗಿದ್ದ ಒಂದನ್ನು ಹುಡುಕಿದಳು,
ಬೆಳಗಾವಿ ಕಡೆಯ ಮಣ್ಣು ಇನ್ನೂ ಮೈಗಂಟಿತ್ತು.
ಮೀನಿಲ್ಲದ ತಿಂಗಳು, ಮೂರು ಹೊತ್ತೂ ಅದರದೇ ಪಲ್ಯ;
ಇವನೊಬ್ಬ ಹೇಗೋ ತಪ್ಪಿಸಿಕೊಂಡಿದ್ದ.

ಬೆಂಕಿಕಡ್ಡಿ ಚುಚ್ಚಿದಳು, ನಿಲ್ಲಲಿಲ್ಲ.
ಬಲೆ ಹೊಲಿಯುವ ಸೂಜಿಯಿಂದ ತೂತು ಮಾಡಿ
ಹಿಡಿಕಡ್ಡಿಯ ಮೂರು ತುಂಡು ಕೂರಿಸಿಕೊಟ್ಟೆ.
ಅರ್ಧ ಒಳಗೆ, ಅರ್ಧ ಹೊರಗೆ,
ಭಾರ ಸರಿಯಾಗಿ ತುಂಬಿದ ಬೋಟು ನೀರಲ್ಲಿ ಕೂರುವ ಹಾಗೆ.

ಮೂರು ದಿನ ನೋಡಿದಳು. ಏನೂ ಆಗಲಿಲ್ಲ.
ನಾಲ್ಕನೇ ದಿನ ಮರೆತಳು.
ಗ್ಲಾಸು ಕಿಟಕಿಯಲ್ಲಿ ಉಳಿಯಿತು. ನಾನೂ.

ಹರಿದ ಬಲೆ ಮುಗಿದಿತ್ತು. ಎಂಜಿನ್ನಿಗೆ ಮಾಲೀಕ ಇನ್ನೂ ದುಡ್ಡು ಬಿಚ್ಚಿರಲಿಲ್ಲ.
ಹೆಂಡತಿ ಒಣಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದಮೇಲೆ
ಹಗಲು ಹೊತ್ತು ನಮ್ಮ ಮನೆ ಹೇಗಿರುತ್ತದೆಂದು
ನನಗೆ ಗೊತ್ತೇ ಇರಲಿಲ್ಲ.
ಬಿಸಿಲು ಬಂದರೆ ಹನ್ನೊಂದಕ್ಕೆ, ಟಿವಿಯ ಮೇಲೆ ಒಂದು ತುಂಡು.
ಗ್ಯಾಸಿನವನು ಮಂಗಳವಾರ ಕೂಗುತ್ತಾನೆ.
ಗ್ಲಾಸಿನ ನೀರು ನಿಧಾನ ಬಿಳಿಚುತ್ತದೆ.

ನಾರತೊಡಗಿದಾಗ ಚೆಲ್ಲಿದೆ.
ಬಾವಿಯದು ಉಪ್ಪು. ನಳದ್ದಕ್ಕೆ ಔಷಧಿ ವಾಸನೆ.
ಕುಡಿಯಲು ಕಾಯಿಸಿ ಆರಿಸಿಟ್ಟದ್ದನ್ನು
ಕದ್ದು ಹಾಕಿದೆ.

ಹನ್ನೆರಡನೇ ದಿನ ಬುಡದಲ್ಲಿ ಬಿಳಿ ಚುಕ್ಕೆ.
ಮರುದಿನ ಚುಕ್ಕೆಗೆ ಬಾಲ.
ಆಮೇಲೆ ಶೆಟ್ಲಿ ಮೀಸೆಯಂತೆ ಒಂದು, ಐದು, ಹತ್ತೊಂಬತ್ತು.
ಇಪ್ಪತ್ತೆರಡು ವರ್ಷ ಬಲೆಯನ್ನು ಮೇಲಿನಿಂದ ಬಿಟ್ಟವನು
ಕೆಳಗೆ ಹೋದ ಮೇಲೆ ಅದು ಏನು ಮಾಡುತ್ತಿರಬಹುದೆಂದು
ಈಗ ಗಾಜಿನಲ್ಲಿ ನೋಡಿದೆ.
ಏನೂ ಹಿಡಿಯುವುದಿಲ್ಲ. ಸುಮ್ಮನೆ ಹರಡುತ್ತದೆ.

ಒಂದು ಸಂಜೆ ವಿಠೋಬ ಬಂದ, ಇಸ್ಪೀಟಿಗೆ ಕರೆಯಲು.
ಗ್ಲಾಸನ್ನು ಪರದೆಯ ಹಿಂದೆ ಸರಿಸಿದೆ.
‘ಎಂತ ಅದು?’
‘ಮಗಳದ್ದು.’
ಪರದೆ ಎತ್ತಿ ಬಹಳ ಹೊತ್ತು ನೋಡಿದ.
‘ನೀರು ಒಂದು ಬೆರಳು ಕಡಿಮೆ ಮಾಡು, ಕೊಳೆಯುತ್ತದೆ.’
ಇವನಿಗೆ ಹೇಗೆ ಗೊತ್ತೆಂದು ಕೇಳಲಿಲ್ಲ.
ಅವನ ಮನೆಗೂ ಒಂದು ಕಿಟಕಿ ಇದೆ.

ಜುಲೈಯಲ್ಲಿ ನೇರಳೆ ಮೊಳಕೆ ಹಸಿರಾಯಿತು,
ಕತ್ತು ಕಂಬಿಯ ಕಡೆಗೆ.
ಗ್ಲಾಸು ತಿರುಗಿಸಿಟ್ಟೆ. ಎರಡೇ ದಿನ, ಮತ್ತೆ ಅತ್ತಲೇ.
ಮತ್ತೆ ತಿರುಗಿಸಿದೆ.
ಹೀಗೆ ನಾವಿಬ್ಬರೂ ಒಂದು ವಾರ.

‘ಮಣ್ಣಿಲ್ಲದೆ ಗಡ್ಡೆ ಕಟ್ಟುವುದಿಲ್ಲ,’ ಅಂದಳು ಹೆಂಡತಿ,
‘ತಿನ್ನಲೂ ಬಾರದು, ಹಸಿರಾದದ್ದು ನಂಜು. ಬಿಸಾಡು.’
ಆ ರಾತ್ರಿಯಿಂದ ನೀರು ಕಾಯಿಸುವಾಗ
ಒಂದು ಲೋಟ ಹೆಚ್ಚಿಗೆ ಇಡತೊಡಗಿದಳು.

ಸ್ನೇಹಲ ಕೊನೆಗೂ ಚಿತ್ರ ಬರೆದು ಕೊಟ್ಟಳು. ಹತ್ತಕ್ಕೆ ಆರು.
ಬೇರು ಜಾಸ್ತಿಯಾಯಿತಂತೆ.
ಎಣಿಸಿ ಹೇಳಿದವನು ನಾನೇ.

ಮೂವತ್ತೊಂದರ ರಾತ್ರಿ ಐಸು, ಡೀಸೆಲ್ ತುಂಬಿ ಹೊರಟೆವು.
ಮೂರನೇ ದಿನ, ದೇವಗಡ ದ್ವೀಪದ ದೀಪ ಕಾಣದಷ್ಟು ದೂರ,
ಭಂಡಾರಿ ಬಟಾಟೆ ಸುಲಿಯುತ್ತಿದ್ದ,
ಚೂರಿಯ ತುದಿಯಿಂದ ಒಂದೊಂದೇ ಕಣ್ಣು ಕೀಳುತ್ತ.
‘ಅದೊಂದು ಇರಲಿ,’ ಅಂದೆ.
‘ಯಾಕೆ?’

ಎಂಜಿನ್ ಸದ್ದಿಗೆ ಕೇಳಿಸಲಿಲ್ಲವೆಂಬಂತೆ
ಬಲೆಯ ಕಡೆ ತಿರುಗಿದೆ.
ಅದು ಕೆಳಗೆ ಹೋಗಿ ಎಷ್ಟೋ ಹೊತ್ತಾಗಿತ್ತು.