ಗೋರಂಟಿ ಒಣಗುವ ತನಕ

ಬಾವುಟದ ಕೋಲಿಗೆ ದಾರ ಸುತ್ತುತ್ತಾ ಅಂಬರೀಷ
ಸಂಜೆಯ ಭಾಷಣವನ್ನು ಮೊದಲು ನಮ್ಮ ಮೇಲೇ ಪ್ರಯೋಗಿಸಿದ:
ಹದಿನೆಂಟುನೂರ ಎಂಬತ್ತಾರು, ಚಿಕಾಗೋ,
ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ,
ಇನ್ನೆಂಟು ಗಂಟೆ ನಮ್ಮ ಮನಸ್ಸಿಗೆ ಬಂದದ್ದಕ್ಕೆ.

"ಆ ಊರಲ್ಲೂ ಗೂಡು ಬೇಯಿಸ್ತಿದ್ರಾ?" ಕೇಳಿದಳು ಜೈತುನ್‌ಬಿ.
ಇಲ್ಲವಂತೆ. ಪೈರು ಕೊಯ್ಯೋ ಮಿಷಿನ್ನು ಮಾಡುತ್ತಿದ್ದರಂತೆ.
ಯಾರೋ ಬಾಂಬು ಎಸೆದರಂತೆ, ಯಾರೆಂದು ಇವತ್ತಿಗೂ ಗೊತ್ತಿಲ್ಲವಂತೆ,
ಹಗ್ಗಕ್ಕೆ ಮಾತ್ರ ನಾಲ್ಕು ಕತ್ತು ಸಿಕ್ಕವಂತೆ.
ಜೈತುನ್ ಸೆರಗನ್ನು ತಲೆಮೇಲೆ ಎಳೆದುಕೊಂಡಳು,
ಬೀದಿಯಲ್ಲಿ ಯಾರದೋ ಜನಾಜಾ ಹೋದ ಹಾಗೆ.

ಇರಲಿ. ಶಿಡ್ಲಘಟ್ಟದ ನಮ್ಮ ಕಥೆ ಬೇರೆ,
ಅದು ಮೈಕಿಗೆ ಆಗೋದಲ್ಲ.

ಗೌಡನ ಕೆರೆ ಕಡೆಯ ಫಿಲೇಚರು. ಮಾಲೀಕ ಅಂದಿದ್ದ:
"ಮೇ ಒಂದು ಆಫೀಸಿನವರ ರಜೆ. ಹುಳ ರಜೆ ನೋಡುತ್ತಾ?
ಒಂದು ದಿನ ಬಿಟ್ಟರೆ ಗೂಡು ತೂತಾಗಿ ಚಿಟ್ಟೆ ಹಾರಿಹೋಗುತ್ತೆ."
ನಾವು ಇಪ್ಪತ್ತಾರು ಹೆಂಗಸರು ಒಳಗೆ ಹೋಗಲಿಲ್ಲ.
ಧೈರ್ಯವೇನಲ್ಲ.
ಮುಂದಿದ್ದ ಮುನಿಯಕ್ಕ ಹೊಸಿಲಲ್ಲೇ ನಿಂತುಬಿಟ್ಟಳು,
ಅವಳು ದಪ್ಪ, ಬಾಗಿಲು ಕಿರಿದು,
ಹಿಂದಿನವರು ದಾಟೋದು ಹೇಗೆ?

ಬಿಸಿಲೇರಿದ ಮೇಲೆ ಜೈತುನ್ ಕೂಗಿದಳು:
"ಪಿಳ್ಳಮ್ಮ, ನೋಡೇ, ಕೈ ಒಣಗಿದೆ!"

ಹನ್ನೊಂದನೇ ವಯಸ್ಸಿಂದ
ಕುದಿನೀರಲ್ಲಿ ಎಳೆಯ ತುದಿ ಹುಡುಕಿದ ಬೆರಳು,
ಸದಾ ಹಿತಕಬೇಳೆಯ ಹಾಗೆ ಉಬ್ಬಿ, ಸಿಪ್ಪೆ ಜಾರಿ.
ಮದುವೆಗೆ ಹಚ್ಚಿದ ಗೋರಂಟಿಯೂ
ಗಂಡ ಸರಿಯಾಗಿ ನೋಡೋ ಮೊದಲೇ
ಬೇಸಿನ್ನಿನಲ್ಲಿ ಬೆಂದುಹೋಗಿತ್ತು.

ದರ್ಗಾದ ಹಿತ್ತಲಲ್ಲಿ ಗಿಡವಿತ್ತು. ಕದ್ದೆವು.
ಹುಣಸೆಹುಳಿ ಹಾಕಿ ಮುನಿಯಕ್ಕನ ಒರಳಲ್ಲಿ ಅರೆದು
ಅವಳ ಕೈಗೆ ನಾನು, ನನ್ನ ಕೈಗೆ ಅವಳು.
ಮೆತ್ತಿಕೊಂಡ ಮೇಲೆ ತಿಳೀತು ಆ ಎಲೆಯ ಗುಟ್ಟು:
ಗೋರಂಟಿ ಹಚ್ಚಿದ ಕೈಗೆ
ಮಾಲೀಕ ಹೋಗಲಿ, ಅತ್ತೆ ಕೂಡ ಕೆಲಸ ಹೇಳೋಹಾಗಿಲ್ಲ.
ಸುಮ್ಮನೆ ಕೂರಬೇಕು. ನೀರು ಬೇಕಾದರೆ ಯಾರಾದರೂ ಕುಡಿಸಬೇಕು.

ಆ ದಿನದ ಕೂಲಿ ಹೋಯಿತು.
ಮಾರನೇ ದಿನ ಕೆಂಪು ಕೈ ಮತ್ತೆ ಕುದಿನೀರಿಗೆ.
ನೂಲಿಗೆ ಬಣ್ಣ ತಗುಲೀತು ಅಂತ ಮಾಲೀಕ ಬೈದ.
ತಗುಲಿತೋ ಏನೋ.
ಯಾವ ಸೀರೆಯ ಮಡಿಕೆಯಲ್ಲಿದೆಯೋ ನಮ್ಮ ಆ ರಜೆ.

ಈಗ ನನಗೆ ಎಪ್ಪತ್ತೊಂದು.
ಅವಳಿಗೆ, ಅವಳ ಲೆಕ್ಕದಲ್ಲಿ, ಅರವತ್ತೈದು;
ಆರು ವರ್ಷದಿಂದಲೂ ಅರವತ್ತೈದು.
ಇಪ್ಪತ್ತನಾಲ್ಕು ಗಂಟೆಯೂ ಮನಸ್ಸಿಗೆ ಬಂದದ್ದಕ್ಕೇ,
ಕೆಲವು ಮಧ್ಯಾಹ್ನ ಮನಸ್ಸಿಗೆ ಏನೂ ಬರೋದಿಲ್ಲ.
ಎರಡು ಗಲ್ಲಿ ದಾಟಿ ಜೈತುನ್ ಬರುತ್ತಾಳೆ.
ಬಂದು, ಎಲೆಅಡಿಕೆ ಡಬ್ಬಿ ಎಲ್ಲಿಟ್ಟೆ ಅಂತ ಜಗಳ ತೆಗೆಯುತ್ತಾಳೆ.
ಡಬ್ಬಿ ಅವಳದೇ ಚೀಲದಲ್ಲಿರುತ್ತೆ. ನಾನು ಹೇಳೋದಿಲ್ಲ.

ರೇಷನ್ ಅಂಗಡಿಯಲ್ಲಿ ನಮ್ಮ ಹೆಬ್ಬೆಟ್ಟು ತೆಗೆಯೋದಿಲ್ಲ.
ಗೆರೆಯೆಲ್ಲ ಗೂಡಿನ ಜೊತೆ ಬಿಚ್ಚಿಹೋಗಿದೆ.
ಇವಳು ಪಿಳ್ಳಮ್ಮನೇ ಅಂತ ಅವಳು ಆಣೆ ಇಡುತ್ತಾಳೆ,
ಅವಳು ಜೈತುನ್‌ಬಿ ಅಂತ ನಾನು.
ಮಿಷಿನ್ನು ಆಣೆಗೀಣೆ ಕೇಳೋದಿಲ್ಲ.
"ನಾಳೆ ಬನ್ನಿ ಅಜ್ಜಿ" ಅನ್ನುತ್ತಾನೆ ಹುಡುಗ.

ಅಂಬರೀಷ ಮೆರವಣಿಗೆಗೆ ಕರೆದ.
ಹಸಿರು ಮೆತ್ತಿದ ನಾಲ್ಕು ಅಂಗೈ ತೋರಿಸಿದೆವು. ನಕ್ಕು ಹೋದ.
ತಮಟೆ ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ಸಣ್ಣದಾಯಿತು.
ಹೊಂಗೆಯ ನೆರಳು ಕಟ್ಟೆಯಿಂದ ಇಳಿದು ರಸ್ತೆಗೆ ಹೋಯಿತು.
ಮಾತು ಮುಗಿದಿತ್ತು. ಎದ್ದು ಹೋಗೋ ಆತುರ ಇಬ್ಬರಿಗೂ ಇರಲಿಲ್ಲ.

"ಜೈತುನ್, ಮೂಗು ಕೆರೀತಿದೆ ಕಣೇ,
ನಿನ್ನ ಎಡಗೈ ಒಣಗಿತಾ?"

"ಇಲ್ಲ" ಅನ್ನುತ್ತಾಳೆ,
ಒಣಗಿ ಉದುರುತ್ತಿರೋದು ನನಗೆ ಕಾಣುತ್ತಿದ್ದರೂ.