ಕರೆಂಟು ಹೋದಾಗ ಬಾರವ್ವ

ಮಂಡಿಪೇಟೆ ಹಿಂದಿನ ಗಲ್ಲಿ. ಬೀಗದ ರಿಪೇರಿಯವನಿಗೂ
ಹೊಲಿಗೆ ಮಷೀನಿನವನಿಗೂ ನಡುವೆ
ಮೂರಡಿ ಅಗಲದ ನನ್ನ ಅಂಗಡಿ.
ಬೋರ್ಡಿನ ರೇಡಿಯೋದಲ್ಲಿ ಮೊದಲಕ್ಷರ ಮಳೆಗೆ ತೊಳೆದು
'ಡಿಯೋ' ಅಷ್ಟೇ ಉಳಿದಿದೆ.
ಕಂಕುಳಿಗೆ ಹೊಡೆಯುವ ಸೆಂಟು ಕೇಳಿಕೊಂಡು
ಕಾಲೇಜು ಹುಡುಗರು ಬರುತ್ತಾರೆ.
ಇಲ್ಲಪ್ಪ ಅನ್ನುತ್ತೇನೆ. ಬೋರ್ಡು ಬರೆಸುವುದಿಲ್ಲ.

ಮಂಡಕ್ಕಿ ಭಟ್ಟಿಯ ಹಜ್ರತ್‌ಬಿ ಬಂದಳು.
ಸೆರಗಿನಲ್ಲಿ ಸುತ್ತಿದ್ದು ಕೂಸು ಅಂದುಕೊಂಡೆ,
ಬಿಚ್ಚಿದರೆ ಎರಡು ಬ್ಯಾಂಡಿನ ಸೆಟ್ಟು.
ತೊಗಲಿನ ಅಂಗಿಗೆ ಗುಂಡಿಯಿಲ್ಲ,
ಮುಳ್ಳು ಧಾರವಾಡದ ಹತ್ತಿರ ಬಂದು ಸತ್ತು ನಿಂತಿದೆ.
"ಮಾತಾಡ್ತೈತಿ ಬಸಣ್ಣ,
ಆದ್ರೆ ಹಲ್ಲು ಕಚ್ಚಿಕೊಂಡು ಮಾತಾಡ್ತೈತಿ."

ಹಿಂಬದಿ ತೆರೆದೆ.
ನಾಲ್ಕು ಸೆಲ್ಲು ಯಾವ ಕಾಲದಲ್ಲೋ ಒಡೆದು ಸೋರಿ
ಹಸಿರು ಕಿಲುಬು ಸ್ಪ್ರಿಂಗು ತಿಂದು ಮುಗಿಸಿ
ತಂತಿ ಹಿಡಿದು ಒಳಮನೆಗೆ ನಡೆದಿದೆ.
ಮೊಮ್ಮಗ ಬುದ್ಧಿವಂತ. ಮೊಬೈಲ್ ಚಾರ್ಜರಿನ ಬಾಯಿ ಕತ್ತರಿಸಿ
ನೇರ ಸಿಕ್ಕಿಸಿದ್ದಾನೆ.
ಇದರಲ್ಲಿ ಪಾಸಿಟಿವ್ವೇ ನೆಲ, ಈಗಿನವಕ್ಕೆ ಉಲ್ಟಾ;
ಅವನಿಗೆ ಅದು ಗೊತ್ತಿಲ್ಲದೆಯೂ ಸರಿಯಾಗಿ ಕೊಟ್ಟಿದ್ದಾನೆ.
ಯಾರದೋ ಪುಣ್ಯ.

ಮಿರ್ಚಿ ಹಿಟ್ಟಿಗೆಂದು ಹೆಂಡತಿ ಇಟ್ಟಿದ್ದ ಸೋಡಾ ಕದ್ದು ತಂದು
ಹಲ್ಲಿನ ಬ್ರಶ್ಶಿನಲ್ಲಿ ಕಿಲುಬು ತಿಕ್ಕಿದೆ.
ಒಣಗಿದ ಕಂಡೆನ್ಸರು ಮೂರು ಕಿತ್ತೆ.
ಬೆಳ್ಳಿ ಟೋಪಿಯ ಟ್ರಾನ್ಸಿಸ್ಟರುಗಳು ಜರ್ಮೇನಿಯಂ ಜಾತಿ,
ಬಿಸಿ ತಾಗಿದರೆ ಹೇಳದೆ ಕೇಳದೆ ಸಾಯುತ್ತವೆ;
ಕಾಲನ್ನು ಇಕ್ಕಳದಲ್ಲಿ ಹಿಡಿದು, ಕಾವು ಇಕ್ಕಳಕ್ಕೇ ಹೋಗಲಿ ಅಂತ
ಉಸಿರು ಬಿಡದೆ ಬೆಸೆದೆ.
ಸ್ಪೀಕರಿನ ಕಾಗದಕ್ಕೆ ಒಂದು ಮಂಡಕ್ಕಿ ತಾಗಿಕೊಂಡಿತ್ತು.
ಎಷ್ಟು ವರ್ಷ ಜೊತೆಗೇ ಗಿರಗಿರ ಹಾಡಿದೆಯೋ.
ತೆಗೆದು ಬಾಯಿಗೆ ಹಾಕಿಕೊಂಡೆ. ಅಭ್ಯಾಸ.

ಮುಳ್ಳು ಎಳೆಯುವ ದಾರಕ್ಕೆ ನೈಲಾನು ಜಾರುತ್ತದೆ.
ಅಪ್ಪ ಕಾಟನ್ ಮಿಲ್ಲಿನಿಂದ ತಂದಿದ್ದ ಒಂದು ಉಂಡೆ ನೂಲಿದೆ,
ಮಿಲ್ಲು ಮುಚ್ಚಿದ ಮೇಲೂ ಮುಗಿಯದ್ದು.
ಮೇಣ ತಿಕ್ಕಿ, ಮೂರು ಸುತ್ತು ಸುತ್ತಿ, ಗಂಟು.
ಮುಳ್ಳು ಭದ್ರಾವತಿಗೆ ಹೋಯಿತು, ಬೆಂಗಳೂರಿಗೆ ಹೋಯಿತು,
ನೂಲಿನ ಮೇಲೆ ಊರೂರು ತಿರುಗಿತು.

ಆದರೂ ಗುರ್ ಅನ್ನುವುದು ನಿಲ್ಲಲಿಲ್ಲ.
ಚಾರ್ಜರು ಕಿತ್ತು ನಾಲ್ಕು ದಪ್ಪ ಸೆಲ್ಲು ಹಾಕಿದೆ;
ಅರ್ಧ ಇಳಿಯಿತು, ಅರ್ಧ ಉಳಿಯಿತು.
"ಚಾರ್ಜರು ಅಂದ್ರೆ ಅದೂ ಒಂದು ಸ್ಟೇಷನ್ನೇ, ಬೀ.
ಆ ಬಲ್ಬೂ ಅಷ್ಟೆ, ಎದುರು ಹೋಟೆಲಿನ ಗ್ರೈಂಡರೂ ಅಷ್ಟೆ,
ಇನ್ವರ್ಟರು ಅಂತೂ ಬಾಯಿ ಮುಚ್ಚೋದೇ ಇಲ್ಲ.
ಎಲ್ಲರೂ ಒಟ್ಟಿಗೆ ಕೂಗಿದರೆ ಇದು ಪಾಪ ಯಾರ ಮಾತು ಕೇಳಬೇಕು?
ಕರೆಂಟು ಹೋದಾಗ ಬಾರವ್ವ, ತೋರಿಸ್ತೀನಿ."
ಅವಳು ಹೊಲಿಗೆಯವನ ಕಡೆ ನೋಡಿದಳು,
ಇವನಿಗೆ ಯಾವಾಗಿಂದ ಹೀಗೆ ಅನ್ನುವ ಹಾಗೆ.

ಮಂಗಳವಾರ. ಲೈನು ರಿಪೇರಿಯಂತೆ, ಹತ್ತು ಗಂಟೆಗೇ ಹೋಯಿತು.
ಗ್ರೈಂಡರು ಅರ್ಧ ಸುತ್ತಿಗೆ ನಿಂತಿತು.
ಎದುರಿನವ ಹಿಟ್ಟಿನ ಕೈ ಝಾಡಿಸಿ ಬೈದ.
ಗಲ್ಲಿಯ ತುದಿಯಲ್ಲಿ ಹಜ್ರತ್‌ಬಿ, ಕೈತುಂಬ ಮಸಿ,
ಚಪ್ಪಲಿಯಿಲ್ಲದೆ ಓಡಿಬರುತ್ತಿದ್ದಾಳೆ.

ಗುಂಡಿ ತಿರುಗಿಸಿದೆ.
ಮೊದಲು ಏನೂ ಇಲ್ಲ. ನಿಜವಾಗಿ ಏನೂ ಇಲ್ಲ,
ಅಂಥ ಸದ್ದಿಲ್ಲದ್ದನ್ನು ನಾನೇ ಕೇಳಿ ಬಹಳ ದಿನವಾಗಿತ್ತು.
ಆಮೇಲೆ ಯಾರೋ ಕಾಗದದ ಹಾಳೆ ಮಗುಚಿದರು.
ಧಾರವಾಡದಲ್ಲಿ ಒಂದು ಹಾಳೆ
ದಾವಣಗೆರೆಯಲ್ಲಿ ಮಗುಚಿಕೊಂಡಿತು.
ಒಬ್ಬ ಕೆಮ್ಮಿದ. "ಕ್ಷಮಿಸಿ" ಅಂದ.
ಹತ್ತಿಗೆ ಬೀಳುವ ಹುಳದ ವಿಷಯ ಓದತೊಡಗಿದ.

ಹಜ್ರತ್‌ಬಿ ಬಾಯಿಗೆ ಸೆರಗು ಒತ್ತಿ ನಕ್ಕಳು.
"ನೆಗಡಿ ಆಗೈತಿ ನೋಡು ಅವ್ನಿಗೆ!"
ಬೀಗದವನೂ ಬಂದ, ಹೊಲಿಗೆಯವನೂ ಬಂದ,
ಒಬ್ಬನದೂ ಒಂದೆಳೆ ಹತ್ತಿಯ ಹೊಲವಿಲ್ಲ,
ಹುಳದ ವಿಷಯ ಕೊನೆಯವರೆಗೂ ಕೇಳಿದೆವು.

ದುಡ್ಡಿನ ಮಾತು ಬಂದಾಗ ಎರಡು ಸೇರು ಮಂಡಕ್ಕಿ ಅಂದಳು,
ಸೆಲ್ಲಿನ ಕಾಸು ಮಾತ್ರ ಬೇರೆ ಎಣಿಸಿಕೊಟ್ಟಳು.
ಅಷ್ಟರಲ್ಲಿ ಬಲ್ಬು ಮಿಣುಕಿತು.
ಗಲ್ಲಿಯೆಲ್ಲ ಹೋ ಅಂತು, ಹುಡುಗರು ಸಿಳ್ಳೆ ಹೊಡೆದರು,
ಗ್ರೈಂಡರು ಬಿಟ್ಟ ಸುತ್ತನ್ನು ಅಲ್ಲಿಂದಲೇ ಹಿಡಿಯಿತು.
"ಥೂ, ಬಂತು," ಅಂದೆವು
ನಾವಿಬ್ಬರೇ.